ಢೋಲಕ್ ನಿಲ್ಲುತ್ತಿದ್ದ ಸಾಲು

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಕಮಲಾಪುರದಲ್ಲಿ ನನ್ನ ಚಿಕ್ಕಪ್ಪನ ಮೊಮ್ಮಗಳ ಮದುವೆ ಇತ್ತು. ಬೀಗರ ಹಾಡು ಹೇಳಲು ಕಲಬುರಗಿಯಿಂದ ನಮ್ಮ ತಂಡವನ್ನು ಕರೆದಿದ್ದರು. ತಂಡ ಎಂದರೆ ದೊಡ್ಡದೇನಲ್ಲ, ನಾವು ನಾಲ್ಕು ಜನ ಹೆಂಗಸರು. ಅದರಲ್ಲಿ ಮುಂದೆ ನಿಂತು ಹಾಡುವವಳು ನಾನು. ಉಳಿದ ದಿನಗಳಲ್ಲಿ ಶರಣಸಿರಸಗಿ ಕಡೆಯ ಬಡಾವಣೆಯೊಂದರ ನನ್ನ ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತೇನೆ.

ಬೀಗರ ಹಾಡು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲೇ ಛೇಡಿಸುವುದು ನಮ್ಮ ಕಡೆಯ ಪದ್ಧತಿ. ಬೀಗಿತ್ತಿಯ ನಡಿಗೆ, ಮೂಗು, ಊಟ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ನಕ್ಕು, ಬೇಕಾದರೆ ತಿರುಗಿ ಇನ್ನೊಂದು ಹಾಡು ಹೇಳಬೇಕು. ಈಗ ಹಾಡುವವರು ಕಡಿಮೆಯಾಗಿದ್ದಾರೆ, ಹಾಗಾಗಿ ನಮ್ಮಂಥವರನ್ನು ಕರೆಸಿ, ಕೈಗೆ ಮೈಕ್ ಕೊಟ್ಟು ಹಾಡಿಸುತ್ತಾರೆ.

ನನ್ನ ಹಾಡುಗಳೆಲ್ಲ ನಮ್ಮಜ್ಜಿಯವು. ಅಜ್ಜಿ ಕಮಲಾಪುರದವಳು. ಸುತ್ತಲಿನ ಹಳ್ಳಿಗಳಲ್ಲಿ ಅವಳು ಬಂದಳೆಂದರೆ ಬೀಗಿತ್ತಿಯರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಎಲ್ಲ ಬಾಯಲ್ಲೇ ಇತ್ತು. ನಾನು ಸಣ್ಣವಳಿದ್ದಾಗ ಅವಳ ಪಕ್ಕ ಮಲಗಿ ಕಲಿತವಳು. ಇಡೀ ಮನೆತನದಲ್ಲಿ ಆ ಹಾಡುಗಳು ನನಗೊಬ್ಬಳಿಗೇ ಬರುತ್ತವೆ ಎಂಬ ಹಮ್ಮು ನನಗೆ ಮೊದಲಿನಿಂದಲೂ ಇತ್ತು. ಹಮ್ಮಿನ ಜೊತೆ ಒಂದು ಹಟವೂ ಇತ್ತು. ಅಜ್ಜಿಯ ಹಾಡಿನಲ್ಲಿ ಒಂದಕ್ಷರ ಆಚೀಚೆ ಆಗಬಾರದು. ತಂಡದವರು "ಬಂದಾಳ" ಎನ್ನುವಲ್ಲಿ "ಬಂದಾಳೋ" ಎಂದರೂ ನಾನು ಹಾಡು ನಿಲ್ಲಿಸಿ ತಿದ್ದುತ್ತಿದ್ದೆ.

ಒಂದು ಸಲ ಕೋಟನೂರಿನ ಮದುವೆಯೊಂದರಲ್ಲಿ ಮದುಮಗಳೇ ಬಂದು, "ಆಂಟಿ, ಕರಿ ಬೀಗ ಅನ್ನೋ ಸಾಲು ಬಿಡ್ರಿ, ನಮ್ಮ ಮಾವನೋರು ಖರೇನ ಕಪ್ಪಗಿದ್ದಾರ, ಬೇಜಾರ ಮಾಡ್ಕೋತಾರ," ಎಂದು ಬೇಡಿಕೊಂಡಳು. ಆ ಹುಡುಗಿಗೆ ನಾನು ದೊಡ್ಡ ಭಾಷಣವನ್ನೇ ಬಿಗಿದೆ. ಹಿಂದಿನವರು ಮಾಡಿಟ್ಟ ಹಾಡು, ಅದನ್ನು ಕತ್ತರಿಸಲು ನಾವು ಯಾರು, ಇವತ್ತು ಒಂದು ಸಾಲು ಬಿಟ್ಟರೆ ನಾಳೆ ಹಾಡೇ ಉಳಿಯುವುದಿಲ್ಲ ಎಂದೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಕೇಳಿ, "ನಮ್ಮಜ್ಜಿ ಜರತಾರಿ ಕುಪ್ಪಸ ಬಿಚ್ಚಿ ನನ್ನ ಅಳತಿಗೆ ಹೊಲಿದು ಕೊಟ್ರಲ್ರಿ ನೀವು, ಅದಕ್ಕೇನಾತು?" ಎಂದಳು. ನನಗೆ ಸಿಟ್ಟು ಬಂತು. ಬಟ್ಟೆಯೇ ಬೇರೆ, ಹಾಡೇ ಬೇರೆ ಎಂದು ಬಾಯಿ ಮುಚ್ಚಿಸಿದೆ. ಆ ಸಾಲನ್ನು ಹಾಡಿಯೂ ಹಾಡಿದೆ.

ನಮ್ಮ ತಂಡಕ್ಕೆ ಜೀವ ಬಂದದ್ದು ಸುಜಾತಾ ಸೇರಿಕೊಂಡ ಮೇಲೆ. ಅವಳು ನಮ್ಮ ಮನೆಯಿಂದ ಎರಡು ಓಣಿ ಆಚೆ ಇದ್ದಳು. ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬ್ಲೌಸ್ ಹೊಲಿಸಲು ಬಂದವಳು ನಾನು ಹೊಲಿಯುತ್ತ ಗುನುಗುವುದನ್ನು ಕೇಳಿ, ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದಳು. ಆ ತಾಳ ಕೇಳಿ ನಾನು ಮಷಿನ್ ನಿಲ್ಲಿಸಿದೆ. ಮೊದಲು ಅವರು ಬಾಡಿಗೆಗಿದ್ದ ಓಣಿಯಲ್ಲಿ ಪಕ್ಕದ ಮುಸ್ಲಿಮರ ಮನೆಯ ಖಾಲಾ ಒಬ್ಬರು ಮದುವೆಗಳಲ್ಲಿ ಢೋಲಕ್ ನುಡಿಸುತ್ತಿದ್ದರಂತೆ, ಅವರಿಂದ ಕಲಿತದ್ದು ಎಂದಳು. ಮರುವಾರವೇ ಅವಳನ್ನು ತಂಡಕ್ಕೆ ಸೇರಿಸಿಕೊಂಡೆ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅವರ ಮನೆಗೆ ನಾನು ಹೋಗುತ್ತಿದ್ದೆ, ಅವಳು ನಮ್ಮ ಮನೆಗೆ ಬರುತ್ತಿದ್ದಳು. ಅವರ ಪಡಸಾಲೆಯಲ್ಲಿ ಬುದ್ಧನ ಮೂರ್ತಿ ಇತ್ತು. ಅವರು ಯಾವ ಜನ ಎಂಬುದು ನನಗೆ ಗೊತ್ತಿತ್ತು. ನಾನು ಅದನ್ನೆಲ್ಲ ನೋಡುವವಳಲ್ಲ ಎಂದು ಒಳಗೊಳಗೇ ನನ್ನ ಬೆನ್ನು ನಾನೇ ಚಪ್ಪರಿಸಿಕೊಳ್ಳುತ್ತಿದ್ದೆ.

ನಾವು ಎಲ್ಲಿ ಹೋದರೂ ಕೊನೆಗೆ ಹಾಡುತ್ತಿದ್ದದ್ದು ಅಜ್ಜಿಯ ದೊಡ್ಡ ಹಾಡು. ಅದು ಹೀಗೆ ಶುರುವಾಗುತ್ತದೆ:

ಬೀಗಿತ್ತಿ ಬಂದಾಳ ಬಿಸಿಲಾಗ ನಿಂತಾಳ
ನೆರಳಿಗೆ ಕರೆದರ ಗಂಡನ್ನ ಕೇಳ್ತಾಳ
ಹೋಳಿಗಿ ನೀಡಿದರ ಹನ್ನೆರಡು ತಿಂದಾಳ
ಹೊಟ್ಟಿ ನೋಯ್ತದಂತ ಅಜವಾನ ಬೇಡ್ಯಾಳ

ಹೀಗೆ ಹತ್ತಿಪ್ಪತ್ತು ಸಾಲು ಹೋದ ಮೇಲೆ ಒಂದು ಸಾಲು ಬರುತ್ತದೆ. ಅಲ್ಲಿಗೆ ಬಂದಾಗ ಸುಜಾತಾಳ ಕೈ ಢೋಲಕ್ ಮೇಲಿಂದ ಎದ್ದುಬಿಡುತ್ತಿತ್ತು. ಆ ಸಾಲು ಮುಗಿಯುವವರೆಗೆ ನನ್ನ ದನಿ ಒಂದೇ, ತಾಳವಿಲ್ಲ. ಸಾಲು ಮುಗಿದ ಕೂಡಲೇ ಮತ್ತೆ ಢೋಲಕ್ ಸುರುವಾಗುತ್ತಿತ್ತು. ಮೊದಲ ಸಲ ನಾನು ಗಾಬರಿಯಾದೆ, ಮರೆತಳೇನೋ ಎಂದುಕೊಂಡೆ. ಆದರೆ ತಾಳ ನಿಂತದ್ದಕ್ಕೇ ಆ ಸಾಲು ಎದ್ದು ಕೇಳಿ, ಜನ ಬಿದ್ದು ಬಿದ್ದು ನಕ್ಕರು. ಎರಡನೇ ಸಲವೂ ನಿಲ್ಲಿಸಿದಳು. ಇದು ಅವಳ ಕೈಚಳಕ ಎಂದು ನಾನು ತೀರ್ಮಾನಿಸಿಬಿಟ್ಟೆ. ಕಂಡಕಂಡವರ ಮುಂದೆ ಅದನ್ನು ಹೊಗಳಿದೆ. ನಾನು ಹೊಗಳುವಾಗ ಸುಜಾತಾ ಢೋಲಕ್ಕಿನ ಹಗ್ಗ ಬಿಗಿಯುತ್ತ ಕೂತಿರುತ್ತಿದ್ದಳು.

ಆ ಸಾಲು ಯಾವುದು ಎಂದು ಹೇಳಬೇಕು. ಇದ್ದ ಹಾಗೆ ಬರೆಯುವುದಿಲ್ಲ, ಬರೆದರೆ ಇನ್ನೊಮ್ಮೆ ಹಾಡಿದಂತೆ. ಬೀಗಿತ್ತಿ ಇಂಥವರ ಕೇರಿಯಲ್ಲಿ ನೀರು ಕುಡಿದು ಬಂದಿದ್ದಾಳೆ, ಅವಳನ್ನು ಹೊರಗೇ ನಿಲ್ಲಿಸಿ, ತೊಳೆದು ಒಳಗೆ ಕರೆಯಿರಿ. ಇಷ್ಟು ಅದರ ಅರ್ಥ. "ಇಂಥವರ" ಎಂದು ನಾನು ಬರೆದ ಕಡೆ ಹಾಡಿನಲ್ಲಿ ಒಂದು ಜಾತಿಯ ಹೆಸರು ಇತ್ತು. ಅದು ಸುಜಾತಾಳ ಹಿರಿಯರ ಜಾತಿ.

ಇದನ್ನು ಓದುತ್ತಿರುವವರಿಗೆ ಈಗಲೇ ಎಲ್ಲ ತಿಳಿದಿರುತ್ತದೆ. ನನಗೆ ತಿಳಿಯಲು ಆರು ವರ್ಷ ಬೇಕಾಯಿತು. ಗೊತ್ತೇ ಇರಲಿಲ್ಲ ಎಂದರೆ ಅದು ಅರ್ಧ ಸುಳ್ಳು. ಆ ಸಾಲಿನ ಅರ್ಥ ಗೊತ್ತಿತ್ತು, ಸುಜಾತಾ ಯಾರೆಂದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಗೋಜಿಗೆ ನಾನು ಹೋಗಿರಲಿಲ್ಲ. ಹಾಡು ಅಂದರೆ ಹಾಡು, ಅದರಲ್ಲಿ ಯಾರನ್ನೂ ಅಂದಂತಲ್ಲ ಎಂದುಕೊಂಡು ಆರಾಮವಾಗಿದ್ದೆ.

ಕಮಲಾಪುರದ ಮದುವೆಯ ದಿನ ಬೆಳಿಗ್ಗೆ ಒಂದು ಕ್ರೂಸರ್ ಗಾಡಿಯಲ್ಲಿ ಹೊರಟೆವು. ನನಗೆ ಹಿಗ್ಗೋ ಹಿಗ್ಗು. ಅಜ್ಜಿಯ ಊರಿನಲ್ಲೇ ಅಜ್ಜಿಯ ಹಾಡು ಹಾಡುವುದು ಅದೇ ಮೊದಲು. ಸುಜಾತಾಳ ತವರೂ ಕಮಲಾಪುರವೇ. ಅವಳ ತಾಯಿ ಭೀಮಬಾಯಿ ಅಲ್ಲೇ ಮಗನ ಜೊತೆ ಇದ್ದರು. ಇಷ್ಟು ವರ್ಷವಾದರೂ ಅವರು ಮಗಳು ಢೋಲಕ್ ನುಡಿಸುವುದನ್ನು ನೋಡಿರಲಿಲ್ಲ. ನಾನೇ ಚಿಕ್ಕಪ್ಪನ ಮನೆಯವರಿಗೆ ಹೇಳಿ ಅವರಿಗೂ ಆಮಂತ್ರಣ ಕೊಡಿಸಿದ್ದೆ. ಅದೂ ಒಂದು ದೊಡ್ಡಸ್ತಿಕೆ ನನಗೆ.

ಗಾಡಿ ಊರು ದಾಟಿದ ಮೇಲೆ ಸುಜಾತಾ ನನ್ನ ಪಕ್ಕಕ್ಕೆ ಸರಿದು ಕೂತಳು. "ಅಕ್ಕಾ, ಇವತ್ತ ಕಡೀ ಹಾಡು ಬ್ಯಾಡ್ರಿ," ಎಂದಳು.

"ಹುಚ್ಚಿ, ಅದರ ಸಲುವಾಗೇ ಕರದಾರ. ಅದು ಬಿಟ್ಟು ಏನ ಹಾಡ್ಲಿ?"

"ಹಂಗಾರ ಒಂದು ಸಾಲು ಬಿಡ್ರಿ."

"ಯಾವ ಸಾಲು?"

"ನಾ ಕೈ ತಗಿಯೋ ಸಾಲು."

ನಾನು ನಕ್ಕುಬಿಟ್ಟೆ. "ಆ ಸಾಲಿಗೇ ಮಂದಿ ನಗೋದು. ಅದೇ ಬಿಟ್ರ ನಿನ್ನ ಕೈಚಳಕ ನಿಮ್ಮವ್ವಗ ಹೆಂಗ ತೋರಸ್ತಿ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಸೀಟಿನವರು ರಸ್ತೆ ಪಕ್ಕ ಕೆಂಪು ಬಾಳೆಹಣ್ಣು ಮಾರುವುದನ್ನು ಕಂಡು ಗಾಡಿ ನಿಲ್ಲಿಸಿದರು. ನಾನು ಇಳಿದು ಚೌಕಾಶಿ ಮಾಡಲು ಹೋದೆ. ಕಮಲಾಪುರದ ಆ ಹಣ್ಣು ಎಂದರೆ ನನಗೆ ಪ್ರಾಣ. ಎರಡು ಡಜನ್ ಹಿಡಿದುಕೊಂಡು ಬರುವಷ್ಟರಲ್ಲಿ ಸುಜಾತಾ ಹಿಂದಿನ ಸೀಟಿಗೆ ಹೋಗಿದ್ದಳು. ನಾನು ಮತ್ತೆ ಕೇಳಲಿಲ್ಲ.

ಅಕ್ಷತೆ ಮುಗಿದು, ಮಧ್ಯಾಹ್ನದ ಮೊದಲ ಪಂಕ್ತಿ ಎದ್ದ ಮೇಲೆ ನಮ್ಮನ್ನು ವೇದಿಕೆಗೆ ಕರೆದರು. ಹಂದರದ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಮುಂದೆ ಬೀಗರು, ನಡುವೆ ಊರವರು. ಕೊನೆಯ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ಕೂತಿದ್ದ ಮುದುಕಿಯೇ ಭೀಮಬಾಯಿ ಎಂದು ಸುಜಾತಾಳ ಮುಖದಿಂದಲೇ ಗುರುತಿಸಿದೆ, ಇಬ್ಬರದೂ ಒಂದೇ ಮುಖ. ಅವರ ಪಕ್ಕದ ಎರಡು ಕುರ್ಚಿಗಳು ಖಾಲಿ ಇದ್ದವು.

ಅಂದು ನಮ್ಮ ಹಾಡು ಬಹಳ ಚೆನ್ನಾಗಿ ಕೂಡಿ ಬಂತು. ಬೀಗಿತ್ತಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಕೊನೆಯ ಹಾಡಿಗೆ ಬರುವ ಹೊತ್ತಿಗೆ ನನಗೆ ಕೋಡು ಮೂಡಿತ್ತು. ಸಾಮಾನ್ಯವಾಗಿ ನಾನು ಹಾಡಿನ ನಡುವೆ ಮಾತಾಡುವುದಿಲ್ಲ. ಆ ದಿನ, ಆ ಸಾಲಿಗಿಂತ ಮೊದಲು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಮೈಕಿನಲ್ಲಿ ಹೇಳಿದೆ: "ಈಗ ಬರೋ ಸಾಲಿಗೆ ನಮ್ಮ ಸುಜಾತಾ ಢೋಲಕ್ ನಿಲ್ಲಸ್ತಾಳ. ಜರಾ ಲಕ್ಷ್ಯ ಕೊಟ್ಟು ಕೇಳ್ರಿ. ಇಂಥ ಕೈ ನಿಮಗ ಎಲ್ಲೂ ಸಿಗಂಗಿಲ್ಲ. ಈಕಿ ಇದೇ ಊರ ಮಗಳು. ಒಂದ್ಸಲ ಚಪ್ಪಾಳಿ ಹೊಡೀರಿ."

ಜನ ಚಪ್ಪಾಳೆ ಹೊಡೆದರು. ನಾನು ಆ ಸಾಲನ್ನು ಎಳೆದು ಎಳೆದು ಹಾಡಿದೆ. ಢೋಲಕ್ ನಿಂತಿತು. ಎಂದಿನಂತೆ ನಗೆ ಎದ್ದಿತು. ನಡುವೆ ಕೂತಿದ್ದ ನಾಲ್ಕೈದು ಜನ ಮುದುಕರು, ಮುದುಕಿಯರು ನಗುತ್ತಲೇ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದರು. ಯಾರೋ ತಡವಾಗಿ ಬಂದಿರಬೇಕು ಎಂದುಕೊಂಡೆ. ಯಾರೂ ಬಂದಿರಲಿಲ್ಲ. ಅಲ್ಲಿ ಇದ್ದದ್ದು ಭೀಮಬಾಯಿ ಒಬ್ಬರೇ. ಅವರು ಅಲುಗಾಡದೆ ವೇದಿಕೆಯನ್ನೇ ನೋಡುತ್ತಿದ್ದರು. ಮುಂದಿನ ಸಾಲಿಗೆ ಢೋಲಕ್ ಸರಿಯಾಗಿ ಸುರುವಾಯಿತು. ಹಾಡು ಮುಗಿಯುವವರೆಗೂ ಸುಜಾತಾಳ ಕೈ ಒಂದು ಪೆಟ್ಟೂ ತಪ್ಪಲಿಲ್ಲ.

ವೇದಿಕೆ ಇಳಿದಾಗ ಬಂಧುಗಳು ಮುತ್ತಿಕೊಂಡರು. ಅಜ್ಜಿಯೇ ಎದ್ದು ಬಂದಂತಾಯಿತು ಎಂದು ಒಬ್ಬರು, ಅದೇ ದನಿ ಎಂದು ಇನ್ನೊಬ್ಬರು. ಅವರೆಲ್ಲ ಚದುರಿದ ಮೇಲೆ ಭೀಮಬಾಯಿ ನಿಧಾನ ನಡೆದುಕೊಂಡು ಬಂದರು. ನಾನು ಕೈಮುಗಿದು, "ಮಗಳ ಕೈ ನೋಡಿದ್ರಿಲ್ಲ?" ಎಂದೆ, ಇನ್ನೂ ಅದೇ ಹುರುಪಿನಲ್ಲಿ.

"ನೋಡಿದೆವ್ವ. ನಿಮ್ಮ ದನಿನೂ ಕೇಳಿದೆ. ನಿಮ್ಮಜ್ಜಿದು ಹಿಂಗೇ ಇತ್ತು," ಎಂದರು.

"ನಮ್ಮಜ್ಜಿ ಹಾಡು ನೀವು ಕೇಳೀರೇನ್ರಿ?" ನನಗೆ ಖುಷಿಯಾಯಿತು.

"ಕೇಳೀನವ್ವ, ಭಾಳ ಕೇಳೀನಿ. ಸಣ್ಣಾಕಿದ್ದಾಗ ಮದುವಿ ಇದ್ದಲ್ಲಿ ನಮ್ಮವ್ವನ ಕೂಡ ಹೋಗಿ ಹಂದರದ ಹೊರಗ ನಿಂದರ್ತಿದ್ದೆ. ಎಲ್ಲಾರ ಊಟ ಆದಮ್ಯಾಲ ಉಳದದ್ದು ಕೊಡ್ತಿದ್ರಲ್ಲ, ಅದಕ್ಕ ಕಾಯ್ತಿದ್ವಿ. ನಿಮ್ಮಜ್ಜಿ ಹಾಡು ಸುರು ಆತಂದ್ರ ನನಗ ಹಸಿವಿ ಮರೀತಿತ್ತು. ಅಷ್ಟು ಛಂದ ಹಾಡ್ತಿದ್ರು. ನಾನೂ ಹೊರಗ ನಿಂತು ಬಾಯಿ ಕೂಡಸ್ತಿದ್ದೆ. ಆ ಒಂದು ಸಾಲು ಬಂದಾಗ ಒಳಗ ಕುಂತ ಮಂದಿ ಎಲ್ಲಾ ತಿರುಗಿ ನಮ್ಮನ್ನ ನೋಡಿ ನಗ್ತಿದ್ರು. ನಮ್ಮವ್ವ ನನ್ನ ಬಾಯಿ ಮ್ಯಾಲ ಕೈ ಇಡ್ತಿದ್ಲು." ಸೆರಗು ಸರಿಮಾಡಿಕೊಂಡು, "ಇವತ್ತೂ ತಿರುಗಿ ನೋಡಿದ್ರು," ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಊರಿನ ಹಳೆಯ ಸುದ್ದಿಯೊಂದನ್ನು ಹೇಳುವ ಹಾಗೆ ಹೇಳಿದರು. ಆಗ ನನಗೆ ತಿಳಿಯಿತು. ಆ ಸಾಲು ಬೀಗಿತ್ತಿಯನ್ನು ಛೇಡಿಸಲು ಇರಲೇ ಇಲ್ಲ. ಹೊರಗೆ ಊಟಕ್ಕೆ ಕಾದು ನಿಂತವರನ್ನು ಒಳಗಿನವರಿಗೆ ತೋರಿಸಿ ನಗಿಸಲು ಇತ್ತು. ನಮ್ಮಜ್ಜಿ, ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ತಲೆ ಸವರುತ್ತಿದ್ದ ನಮ್ಮಜ್ಜಿ, ಆ ಕೂಸು ಹಂದರದ ಹೊರಗೆ ನಿಂತಿದ್ದನ್ನು ನೋಡಿಯೇ ಹಾಡುತ್ತಿದ್ದಳು. ನಾನು ಇವತ್ತು ಅದೇ ಹೆಂಗಸನ್ನು ಆಮಂತ್ರಣ ಕೊಟ್ಟು ಕರೆಸಿ, ಮೈಕ್ ಹಿಡಿದು, ಚಪ್ಪಾಳೆ ಹೊಡೆಸಿ, ಅವರ ಮಗಳ ಪಕ್ಕದಲ್ಲೇ ನಿಂತು ಹಾಡಿದ್ದೆ.

ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಊಟ ಆತೇನ್ರಿ?" ಎಂಬ ಮಾತು. ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ಸಣ್ಣಗೆ ನಕ್ಕು, "ಆತವ್ವ. ಮಗಳು ಮೊದಲನೇ ಪಂಕ್ತ್ಯಾಗೇ ಕೂಡಿಸಿದ್ಲು," ಎಂದು ಹೇಳಿ ಹೋದರು.

ವಾಪಸು ಬರುವಾಗ ಗಾಡಿಯಲ್ಲಿ ನಾನು ಸುಜಾತಾಳ ಕಡೆ ತಿರುಗಲಿಲ್ಲ. ಉಳಿದಿಬ್ಬರು ಬೀಗಿತ್ತಿಯ ನಗುವಿನ ಬಗ್ಗೆಯೇ ಮಾತಾಡುತ್ತಿದ್ದರು. ನಮ್ಮ ಓಣಿಯ ತಿರುವಿನಲ್ಲಿ ಸುಜಾತಾ ಢೋಲಕ್ ಹೆಗಲಿಗೆ ಹಾಕಿಕೊಂಡು ಇಳಿದು, "ಬರ್ತೀನ್ರಿ," ಎಂದಳು. ಮುಂದೆ ಅಕ್ಕಾ ಎಂಬುದು ಬರಲಿಲ್ಲ.

ವಾರಗಟ್ಟಲೆ ಅವಳು ಬರಲಿಲ್ಲ. ನಾನೂ ಹೋಗಲಿಲ್ಲ. ಹೊಲಿಗೆ ತಪ್ಪತೊಡಗಿತು, ಒಬ್ಬರ ಬ್ಲೌಸಿಗೆ ಎರಡೂ ಎಡ ತೋಳು ಹೊಲಿದೆ. ದಿನವೂ ನನ್ನ ಮನಸ್ಸು ಒಂದಲ್ಲ ಒಂದು ವಾದ ಹೂಡುತ್ತಿತ್ತು. ಹಾಡು ನಾನು ಕಟ್ಟಿದ್ದಲ್ಲವಲ್ಲ, ಅವಳು ಬಾಯಿ ಬಿಟ್ಟು ಹೇಳಬೇಕಿತ್ತಲ್ಲ, ಹೀಗೆ. ಕೊನೆಗೆ ಒಂದು ಭಾನುವಾರ ಸಂಜೆ ಅವರ ಮನೆಗೆ ಹೋದೆ. ಸುಜಾತಾ ಚಹಾ ಮಾಡಿ ತಂದಿಟ್ಟಳು. ಎದುರಿಗೆ ಕೂತಳು.

"ತಪ್ಪಾತು ಸುಜಾತಾ," ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆದ್ರ ಆರು ವರ್ಷ ನೀ ಯಾಕ ಹೇಳ್ಲಿಲ್ಲ?" ಎಂದೂ ಸೇರಿಸಿದೆ.

"ಪ್ರತಿ ಸಲ ಹೇಳೀನ್ರಿ ಅಕ್ಕಾ," ಎಂದಳು. "ಕೈ ತಗದು ಹೇಳೀನಿ. ನೀವು ಚಪ್ಪಾಳಿ ಹೊಡಸಿದ್ರಿ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಹಳೆಯ ಹಾಡು, ಒಂದಕ್ಷರ ಬದಲಿಸಬಾರದು ಎಂಬ ಹಟ ನನ್ನದು, ಅದರಿಂದ ಹೀಗಾಯಿತು ಎಂದು ಏನೇನೋ ತೊದಲಿದೆ. ಸುಜಾತಾ ನಡುವೆಯೇ ತಡೆದಳು.

"ಹಟ ಎಲ್ಲಿತ್ರಿ? ಶೋಭಕ್ಕನ ಗಂಡ ತೀರಿಕೊಂಡಾಗ ನೀವು ಒಂದು ಸಾಲು ತಗದ್ರಲ್ಲ. ನೆನಪಿಲ್ಲೇನು?"

ಶೋಭಾ ನನ್ನ ತಂಗಿ. ಕಮಲಾಪುರದ ಮದುವೆಗೆ ಮೂರು ವರ್ಷ ಮೊದಲು ಅವಳ ಗಂಡ ಹೃದಯಾಘಾತದಿಂದ ಹೋದ. ಅದೇ ದೊಡ್ಡ ಹಾಡಿನಲ್ಲಿ, ಗಂಡ ಸತ್ತವಳು ಎದುರಿಗೆ ಬಂದರೆ ದಿಬ್ಬಣ ನಿಲ್ಲಿಸಿರಿ ಎಂಬ ಅರ್ಥದ ಸಾಲೊಂದಿತ್ತು. ಶೋಭಾ ನಮ್ಮ ಮನೆಗೆ ಬಂದಿದ್ದಾಗ ಒಮ್ಮೆ ಅಭ್ಯಾಸ ನಡೆದಿತ್ತು. ಆ ಸಾಲು ಬರುವ ಮೊದಲೇ ನನ್ನ ನಾಲಿಗೆ ತಾನಾಗಿಯೇ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಿತ್ತು. ಅಂದಿನಿಂದ ಎಲ್ಲಿಯೂ ಅದನ್ನು ಹಾಡಲಿಲ್ಲ. ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ಒಂದಕ್ಷರ ಬದಲಿಸಬಾರದು ಎಂದು ಕೋಟನೂರಿನ ಮದುಮಗಳಿಗೆ ಪಾಠ ಹೇಳಿದ್ದು ಅದಾದ ಮೇಲೆಯೇ.

"ಆವತ್ತ ನನಗ ಭಾಳ ಖುಷಿ ಆಗಿತ್ರಿ," ಎಂದಳು ಸುಜಾತಾ. "ಅಕ್ಕಗ ತಿಳೀತದ, ಇನ್ನ ನಮ್ಮ ಸಾಲೂ ಬಿಡ್ತಾರ ಅಂತ ಹಾದಿ ನೋಡಿದೆ. ಮುಂದಿನ ಮದುವಿ, ಅದರ ಮುಂದಿನ ಮದುವಿ. ಮೂರು ವರ್ಷ ಹಾದಿ ನೋಡೀನಿ."

ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ. ಹಾಡಿನ ಮೇಲಿನ ಗೌರವ, ಹಿರಿಯರು, ಪರಂಪರೆ, ನಾನು ಇಷ್ಟು ದಿನ ಆಡಿದ ದೊಡ್ಡ ಮಾತೆಲ್ಲ ಸುಳ್ಳು. ನನ್ನ ತಂಗಿಗೆ ನೋವಾಗುವಲ್ಲಿ ಹಾಡು ತಾನೇ ಬಗ್ಗಿತ್ತು. ಸುಜಾತಾಳಿಗೆ ನೋವಾಗುವಲ್ಲಿ ಅದು ಪರಂಪರೆಯಾಗಿತ್ತು. ಅವಳನ್ನು ತಂಗಿ ಎಂದು ಬಾಯಲ್ಲಿ ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಅಂದು ಅವಳ ಎದುರಿಗೇ ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಆ ಸಾಲು ಇನ್ನು ಹಾಡುವುದಿಲ್ಲ, ಬೇರೆ ಸಾಲು ಕೂಡಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮಾತು ಕೊಟ್ಟಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಸಾಲನ್ನು ಬರಿದೇ ಬಿಟ್ಟರೆ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಕಳಚುತ್ತಿತ್ತು. ಮಷಿನ್ ತುಳಿಯುತ್ತ ಸಾಲು ಕಟ್ಟುವುದು, ಫೋನಿನಲ್ಲಿ ಸುಜಾತಾಳಿಗೆ ಹಾಡಿ ತೋರಿಸುವುದು, ಅವಳು "ಊಹೂಂ" ಎನ್ನುವುದು, ಹೀಗೆ ನಡೆಯಿತು. ನಾಲ್ಕನೆಯ ಸಲ ಇದನ್ನು ಹಾಡಿದೆ:

ನೀರಿಗಂತ ಹೋದಾಕಿ ಕೊಡ ಮರೆತು ಬಂದಾಳ
ಮೊಬೈಲ ಹಿಡಕೊಂಡು ಬಾವಿಕಟ್ಟಿ ಕಾಯ್ದಾಳ

ಆ ಕಡೆಯಿಂದ ಸುಜಾತಾ ಜೋರಾಗಿ ನಕ್ಕಳು. ಕಮಲಾಪುರದಿಂದ ಬಂದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. "ಇದು ಇರ್ಲಿ ಅಕ್ಕಾ. ನಾ ಬರ್ತೀನಿ," ಎಂದಳು. ಅಂದು ನಾನು ಊಟಕ್ಕೆ ಹೋಳಿಗೆ ಮಾಡಿದೆ.

ಮೂರು ತಿಂಗಳ ಮೇಲೆ ಕಲಬುರಗಿಯ ಜಗತ್ ವೃತ್ತದ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮದೇ ಬಂಧುಗಳ ಮದುವೆ ಇತ್ತು. ಸುಜಾತಾ ಬಂದಳು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಬ್ಲೌಸ್ ನಾನೇ ಹೊಲಿದದ್ದು. ದೊಡ್ಡ ಹಾಡು ಶುರುವಾಯಿತು. ಆ ಜಾಗ ಬಂತು. ಹೊಸ ಸಾಲು ಹಾಡಿದೆ. ಢೋಲಕ್ ನಿಲ್ಲಲಿಲ್ಲ. ಅವಳು ಎಷ್ಟು ಚೆಂದ ಬಾರಿಸಿದಳೆಂದರೆ ಮುಂದಿನ ಸಾಲಿನಲ್ಲಿದ್ದ ಹುಡುಗಿಯರು ಎದ್ದು ಕುಣಿದರು. ಮೊಬೈಲಿನ ಮಾತಿಗೆ ಜನ ಮೊದಲಿಗಿಂತ ಹೆಚ್ಚೇ ನಕ್ಕರು. ಸುಜಾತಾ ನನ್ನ ಕಡೆ ನೋಡಿ ನಕ್ಕಳು. ಇಷ್ಟಕ್ಕಾಗಿ ಆರು ವರ್ಷ ಬೇಕಾಯಿತೇ ಎಂದು ನಾಚಿಕೆಯಾಯಿತು, ಅದರ ಜೊತೆಗೇ ಹಗುರವೂ ಆಯಿತು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹಾಡು ಮುಗಿಸಿ ವೇದಿಕೆಯ ಪಕ್ಕ ನಿಂತಿದ್ದೆವು. ಸುಜಾತಾ ಢೋಲಕ್ಕಿಗೆ ಬಟ್ಟೆಯ ಗವಸು ಹಾಕುತ್ತಿದ್ದಳು. ನಮ್ಮ ಕಾಶಮ್ಮ ದೊಡ್ಡವ್ವ, ಅಜ್ಜಿಯ ಜೊತೆ ಹಾಡಿದವರಲ್ಲಿ ಉಳಿದಿರುವವಳು ಅವಳೊಬ್ಬಳೇ, ಕೋಲೂರಿಕೊಂಡು ಬಂದು ನನ್ನ ಗಲ್ಲ ಹಿಡಿದಳು. ಸುತ್ತಲೂ ಹತ್ತಾರು ಬಂಧುಗಳು ನಿಂತಿದ್ದರು.

"ಛಲೋ ಹಾಡಿದಿ ಮಹಾನಂದಾ. ಆದ್ರ ನಿಮ್ಮಜ್ಜಿದು ಒಂದು ಸಾಲು ಬಿಟ್ಟಿ ನೋಡು. ಮಂದಿ ಹೊಟ್ಟಿ ಹಿಡಕೊಂಡು ನಗೋ ಸಾಲು. ಯಾಕ ಬಿಟ್ಟಿ?"

ಎಲ್ಲರೂ ನನ್ನ ಮುಖ ನೋಡಿದರು. ಸುಜಾತಾಳ ಕೈ ಗವಸಿನ ಗಂಟಿನ ಮೇಲೆ ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದಳು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು. ಅದು ಕೆಟ್ಟ ಸಾಲು ದೊಡ್ಡವ್ವ, ಬೇಕಂತಲೇ ತೆಗೆದೆ. ಹೇಳಬೇಕಾದದ್ದು ಇಷ್ಟೇ. ಕಾಶಮ್ಮ ದೊಡ್ಡವ್ವ ನನ್ನನ್ನು ಹೊಡೆಯುತ್ತಿರಲಿಲ್ಲ. ಬಂಧುಗಳು ಬಹಿಷ್ಕಾರ ಹಾಕುತ್ತಿರಲಿಲ್ಲ. ಹೆಚ್ಚೆಂದರೆ ನಾಲ್ಕು ಜನ ಮುಖ ಗಂಟಿಕ್ಕುತ್ತಿದ್ದರು, ಅಜ್ಜಿಗಿಂತ ಶಾಣ್ಯಾಳಾದಳು ಎಂದು ಕೊಂಕು ಆಡುತ್ತಿದ್ದರು. ಅಷ್ಟಕ್ಕೇ ನಾನು ಹೆದರಿದೆ.

"ಮರ್ತೆ ದೊಡ್ಡವ್ವ," ಎಂದೆ. "ವಯಸ್ಸಾತಲ್ಲ ನನಗೂ."

ಎಲ್ಲರೂ ನಕ್ಕರು. ಕಾಶಮ್ಮ ದೊಡ್ಡವ್ವ, "ಮುಂದಿನ ಸಲ ಮರೀಬ್ಯಾಡ," ಎಂದು ನನ್ನ ಬೆನ್ನು ತಟ್ಟಿದಳು. ನಾನು "ಹೂಂ" ಎಂದೆ. ಅದನ್ನೂ ಅಂದೆ.

ಸುಜಾತಾ ಗಂಟು ಕಟ್ಟಿ ಮುಗಿಸಿದಳು. ಆಟೋದಲ್ಲಿ ಇಬ್ಬರೇ ಬಂದೆವು. ಇಳಿಯುವಾಗ ಹೇಳಿದಳು, "ನಮ್ಮ ಕಿವಿಗೆ ಬೀಳಬಾರದಂತ ಸಾಲು ತಗದ್ರಿ. ಅದು ಕೆಟ್ಟದ್ದಂತ ತಗೀಲಿಲ್ಲ." ಸಿಟ್ಟಿನಿಂದಲ್ಲ, ತರಗತಿಯಲ್ಲಿ ಉತ್ತರ ತಪ್ಪಿದವರಿಗೆ ಹೇಳುವ ಹಾಗೆ, ಸಮಾಧಾನದಿಂದ ಹೇಳಿದಳು.

ಅದಾದ ಮೇಲೆ ಅವಳು ನಮ್ಮ ತಂಡಕ್ಕೆ ಬರಲಿಲ್ಲ. ಶಾಲೆಯ ಕೆಲಸ ಹೆಚ್ಚಾಗಿದೆ ಎಂದಳು. ಹಾದಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ, ಮನೆಯವರ ಆರೋಗ್ಯ ವಿಚಾರಿಸುತ್ತಾಳೆ. ಬ್ಲೌಸ್ ಮಾತ್ರ ಬೇರೆ ಕಡೆ ಹೊಲಿಸುತ್ತಾಳೆ. ನಾನು ಅವಳನ್ನು ದೂರುವುದಿಲ್ಲ.

ಈಗಲೂ ಕರೆದಲ್ಲಿ ಹೋಗಿ ಹಾಡುತ್ತೇನೆ. ಮೊಬೈಲಿನ ಸಾಲನ್ನೇ ಹಾಡುತ್ತೇನೆ. ಯಾರಾದರೂ ಕೇಳಿದರೆ ಹೇಳಬೇಕೆಂದು ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಹೊಲಿಯುವಾಗ, ಅಡಿಗೆ ಮಾಡುವಾಗ ಒಬ್ಬಳೇ ಹೇಳಿಕೊಂಡು ನೋಡುತ್ತೇನೆ, ಎಲ್ಲಿಯೂ ತಡವರಿಸುವುದಿಲ್ಲ. ಹಾಡು ಮುಗಿದ ಮೇಲೆ ಬೇಕೆಂದೇ ವೇದಿಕೆಯ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾಶಮ್ಮ ದೊಡ್ಡವ್ವ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಆ ಸಾಲು ಗೊತ್ತಿದ್ದವರು ಈಗ ಬಹಳ ಜನ ಇಲ್ಲ. ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ.